ಯಾವ ಇಪ್ಪತ್ತು ಎಂದು ಕೇಳಬೇಡ

ನಾರ್ವೆ. ಅಕ್ಟೋಬರ್. ಬೆಳಕು ಬರಲೋ ಬೇಡವೋ ಎನ್ನುವ ಹೊತ್ತು.
ಬರ್ಚ್ ಗಳುಗಳ ದೊಡ್ಡಿಯೊಳಗೆ ಹಿಮಸಾರಂಗಗಳು
ಸುತ್ತುತ್ತಿವೆ, ಎಡಕ್ಕೆ, ಎಡಕ್ಕೇ.
ಹೆಜ್ಜೆಯಿಟ್ಟರೆ ಕಾಲಿನ ನರ ಎಲುಬಿಗೆ ಜಾರಿ ಟಿಕ್ಕೆನ್ನುತ್ತದೆ.
ಮಾರೆನ್ ಹಿಡಿದ ಪೆಟ್ಟಿಗೆಯೂ ಟಿಕ್ಕೆನ್ನುತ್ತದೆ.
ಯಾವ ಸದ್ದು ನಡಿಗೆಯದು, ಯಾವುದು ವಿಷದ್ದು
ಹೊಸಬರಿಗೆ ಗೊತ್ತಾಗುವುದಿಲ್ಲ.

ಕೊಂಬು ಹಿಡಿದವನು ಎನೋಕ್, ಅವಳ ಸೋದರಮಾವ,
ಎಪ್ಪತ್ತೆಂಟು. ಮೊಣಕಾಲು ಕೆಟ್ಟಿದೆ, ಹಿಡಿತ ಕೆಟ್ಟಿಲ್ಲ.
ತೊಡೆಯ ಹಿಂಬದಿಗೆ ಪೆಟ್ಟಿಗೆ ಒತ್ತಿ ಅವಳು
ಒಂದು ನಿಮಿಷ ಉಸಿರು ಹಿಡಿದು ನಿಲ್ಲುತ್ತಾಳೆ.

"ಮೂವತ್ತು ವರ್ಷವಾಯಿತಲ್ಲ, ಇನ್ನೂ ಹೋಗಿಲ್ಲವೇ?"
"ಅರ್ಧ ಹೋಗಿದೆ ಮಾವ."
"ಉಳಿದರ್ಧ ಇನ್ನು ಮೂವತ್ತಕ್ಕೆ?"
"ಇಲ್ಲ. ಅದರಲ್ಲಿ ಅರ್ಧ. ಆಮೇಲೆ ಅದರಲ್ಲೂ ಅರ್ಧ."
ಅವನು ನಕ್ಕ: ನನ್ನ ತಮ್ಮ ಸಾಲ ತೀರಿಸುವ ಹಾಗೆ.

ಆ ವಸಂತದಲ್ಲಿ ಮಳೆ ಬಂದಿತ್ತು, ಅಷ್ಟೇ.
ಪೂರ್ವದಲ್ಲೆಲ್ಲೋ ಒಂದು ಒಲೆ ಒಡೆದಿತ್ತು.
ಹುಲ್ಲಾದರೆ ಮಣ್ಣು ಸೋಸಿ ಕೊಟ್ಟದ್ದನ್ನು ಬೇರಿನಿಂದ ಉಣ್ಣುತ್ತದೆ.
ಕಲ್ಲುಹೂವಿಗೆ ಬೇರಿಲ್ಲ;
ಬಾಯಿ ಮೇಲಕ್ಕೆ ತೆರೆದು ಕೂತ ಜೀವ,
ಆಕಾಶ ಏನು ಬಡಿಸಿತೋ ಅದೇ ಊಟ.
ಚಳಿಗಾಲವಿಡೀ ಹಿಮ ಕೆದರಿ ಸಾರಂಗ ತಿಂದದ್ದು ಅದನ್ನೇ.
ಮೈಗೆ ಸೀಸಿಯಂ ಪರಕೀಯವೆಂದು ತೋರಲೇ ಇಲ್ಲ:
ಪೊಟ್ಯಾಸಿಯಂನ ಅಂಗಿ ತೊಟ್ಟು ಬಂದಿತ್ತು,
ಸ್ನಾಯು ಬಾಗಿಲು ತೆಗೆದು ಮಣೆ ಹಾಕಿತು.

ಆ ವರ್ಷ ಕಡಿದ ಮಾಂಸಕ್ಕೆ ನೀಲಿ ಬಣ್ಣ ಎರಚಿದರು,
ಯಾರೂ ತಿನ್ನದಿರಲಿ ಎಂದು. ಗುಂಡಿಗೆ ಸುರಿದರು.
ಎನೋಕನ ಚಾಕುವಿನ ಹಿಡಿಯಲ್ಲಿ, ಮರದ ಎಳೆಯೊಳಗೆ,
ಆ ನೀಲಿ ಈಗಲೂ ಇದೆ.
ಅದಕ್ಕೆ ಅರ್ಧಾಯುಷ್ಯವಿಲ್ಲ.

"ಯಾವ ಪರಮಾಣು ಯಾವಾಗ ಒಡೆಯುತ್ತದೆ, ನಿನ್ನ ಪೆಟ್ಟಿಗೆಗೆ ಗೊತ್ತೇ?"
"ಯಾರಿಗೂ ಗೊತ್ತಿಲ್ಲ. ಪರಮಾಣುವಿಗೂ."
ಅವನು ತಲೆದೂಗಿದ. ಇದು ಅವನಿಗೆ ಬರುವ ವಿದ್ಯೆ.
"ಬೆಟ್ಟಕ್ಕೆ ನೂರು ಮರಿ ಬಿಡು; ಇಪ್ಪತ್ತು ಮರಳುವುದಿಲ್ಲ.
ಹದ್ದು, ತೋಳ, ಹೊಳೆಯ ಮೇಲಿನ ತೆಳು ಮಂಜುಗಡ್ಡೆ.
ಇಪ್ಪತ್ತು ಎಂದು ಬರೆದುಕೊಡುತ್ತೇನೆ.
ಯಾವ ಇಪ್ಪತ್ತು ಎಂದು ಕೇಳಬೇಡ."

"ಸರಿ ಮಾವ. ಆದರೆ ತೋಳ ಹಿಡಿಯುವುದು ಕುಂಟುವುದನ್ನು.
ಇಲ್ಲಿ ಕುಂಟುವುದೇ ಇಲ್ಲ. ಮುಪ್ಪೇ ಇಲ್ಲ.
ಮೂವತ್ತು ವರ್ಷ ಕಾದದ್ದೂ
ನಿನ್ನೆ ಹುಟ್ಟಿದ್ದರಷ್ಟೇ ಎಳೆಯದು;
ಪ್ರತಿ ಬೆಳಗೂ ಅದಕ್ಕೆ ಮೊದಲ ಬೆಳಗು."
ಮೊಣಕಾಲು ಉಜ್ಜಿಕೊಳ್ಳುತ್ತ ಎನೋಕ್
ಬಹಳ ಹೊತ್ತು ಮಾತಾಡಲಿಲ್ಲ.

ಒಡೆಯುವುದೆಂದರೆ ಚೂರಾಗುವುದೂ ಅಲ್ಲ.
ಐವತ್ತೈದನೆಯ ಮನೆಯ ಸೀಸಿಯಂ
ಒಂದು ಎಲೆಕ್ಟ್ರಾನನ್ನು ಹೊರದಬ್ಬಿ
ಪಕ್ಕದ ಐವತ್ತಾರಕ್ಕೆ ಬೇರಿಯಂ ಆಗಿ ಹೋಗುತ್ತದೆ.
ಗಂಟು ಇಳಿಸಿ, ಎರಡು ಮೂರು ನಿಮಿಷ ಸುಧಾರಿಸಿಕೊಂಡು
ಒಂದು ನಿಟ್ಟುಸಿರು ಬಿಡುತ್ತದೆ.
ಅದೇ ಗಾಮಾ. ಮಾಂಸ, ಚರ್ಮ, ಚಳಿಗಾಲದ ದಟ್ಟ ತುಪ್ಪಳ
ಎಲ್ಲ ದಾಟಿ ಬಂದು ಪೆಟ್ಟಿಗೆಗೆ ತಾಗುತ್ತದೆ.
ಟಿಕ್.
ಮಾರೆನ್ ದಿನವಿಡೀ ಎಣಿಸುವುದು ಗೃಹಪ್ರವೇಶಗಳನ್ನು.

ಕಿಲೋಗೆ ಮೂರು ಸಾವಿರದ ನಾನೂರು ಬೆಕೆರೆಲ್:
ಸೆಕೆಂಡಿಗೆ ಅಷ್ಟು ಮನೆ ಬದಲು. ಮಿತಿ ಮೂರು ಸಾವಿರ.
ಈ ವರ್ಷ ಅಣಬೆ ಜಾಸ್ತಿ,
ಸಾರಂಗಕ್ಕೆ ಅಣಬೆಯೆಂದರೆ ಪ್ರಾಣ.
ಬೆನ್ನಿಗೆ ಬಣ್ಣದ ಗೆರೆ ಎಳೆದು ಬೇರೆ ದೊಡ್ಡಿಗೆ ಬಿಟ್ಟರು.
ಅಲ್ಲಿ ತಂದು ಹಾಕುವ ಮೇವು, ನೆಕ್ಕಲು ಉಪ್ಪಿನ ಗಟ್ಟಿ.
ಅದೂ ನೀಲಿ. ಸೀಸಿಯಂ ಹಿಡಿದು ಹಿಕ್ಕೆಗೆ ಕಳಿಸುವ ಬೇರೆ ನೀಲಿ.
ಮೈ ಮೂರು ವಾರಕ್ಕೆ ಅರ್ಧ ಬಿಟ್ಟುಕೊಡುತ್ತದೆ;
ಬೆಟ್ಟ ಅಷ್ಟು ಬೇಗ ಬಿಡುವುದಿಲ್ಲ.

"ಸಾವಿರಕ್ಕೊಂದು ಪಾಲಿಗೆ ಇಳಿಯಲು?"
"ಹತ್ತು ಸಲ ಅರ್ಧ. ಮುನ್ನೂರು ವರ್ಷ."
ಎನೋಕ್ ಪಕ್ಕದ ಮರಿಯ ಕಿವಿ ತಿರುವಿ ನೋಡಿದ:
ಎರಡು ಕಚ್ಚು, ತುದಿಯಲ್ಲೊಂದು ಓರೆ.
ಅಜ್ಜನ ಅಜ್ಜನಿಂದ ಬಂದ ಗುರುತು, ಅದರಾಚೆ ಎಷ್ಟೋ.
ಬೆರಳು ಮಡಿಸಿ ಏನೋ ಎಣಿಸಿದ, ನಡುವೆ ತಪ್ಪಿದ,
ಮತ್ತೆ ಮೊದಲಿನಿಂದ ಎಣಿಸಿದ.
ಆಮೇಲೆ ಬಾಗಿಲಲ್ಲಿದ್ದ ಹುಡುಗನಿಗೆ ಕೂಗಿದ:
ಮುಂದಿನದು!